‘ಸ್ತ್ರೀ’ಗೂ ಆರು, ‘ಸಂಡೂರು’ಗೂ ಆರು: ಕನ್ನಡ ಪದದ ಅಗಲ ಅಳೆಯಲು ಯಾವ ದಾರಿ ಹಿಡಿಯಬೇಕು?

ಸಿರುಗುಪ್ಪದ ಒಂದು ಅಕ್ಕಿ ಮಿಲ್‌ಗೆ ತೂಕದ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಮೊದಲು ಚೀಟಿ ಇಂಗ್ಲಿಷ್‌ನಲ್ಲಿ ಬರುತ್ತಿತ್ತು. ಭತ್ತ ತರುವ ರೈತರು ಓದಿಕೊಳ್ಳಲಿ ಅಂತ ಕನ್ನಡಕ್ಕೆ ತಿರುಗಿಸಿದೆ. ಮೂರನೇ ದಿನಕ್ಕೆ ಗುಮಾಸ್ತರ ಫೋನ್ ಬಂತು. “ಏನ್ರೀ ಸರ, ನೂರು ಚೀಲ ಎಲ್ಲಿಗೆ ಹೋದವ್ರೀ?”

ನೂರು ಚೀಲ ಎಲ್ಲೂ ಹೋಗಿರಲಿಲ್ಲ. ಬಸವನಗೌಡ ಅನ್ನೋ ಹೆಸರಿನ ಕೊನೆಯ ‘ಡ’ ಪಕ್ಕದ ಕಾಲಂಗೆ ನುಗ್ಗಿ 112ರ ಮೊದಲ ಒಂದನ್ನು ಮುಚ್ಚಿಹಾಕಿತ್ತು. ಚೀಟಿಯಲ್ಲಿ ಕಂಡದ್ದು 12 ಚೀಲ. ತಪ್ಪು ನನ್ನದೇ. ಇಂಗ್ಲಿಷ್‌ಗೆ ಮಾಡಿದ ಹಾಗೆ ಅಕ್ಷರ ಎಣಿಸಿ, ಒಂದಕ್ಕೆ 12 ಚುಕ್ಕಿ (ಪ್ರಿಂಟರ್ ಮೂಡಿಸುವ ಸಣ್ಣ ಬಿಂದು) ಅಂತ ಗುಣಿಸಿ ಜಾಗ ಬಿಟ್ಟಿದ್ದೆ.

ಅದಾದ ಮೇಲೆ ಈ ವಿಷಯದಲ್ಲಿ ಬಳ್ಳಾರಿ ಸುತ್ತಮುತ್ತಲ ಗೆಳೆಯರಿಗೆ ನಾನೇ ಗತಿ ಎನ್ನುವಂತಾಗಿದೆ. ಜೀನ್ಸ್ ಯೂನಿಟ್‌ಗೆ ಲೇಬಲ್ ಮಾಡುವವರು, ಸಿಂಧನೂರಿನ ಅಂಗಡಿಗೆ ಬಿಲ್ಲಿಂಗ್ ಬರೆಯುವವರು, ಕೊಪ್ಪಳದಲ್ಲಿ ಶಾಲೆಯ ವೆಬ್‌ಸೈಟ್ ಮಾಡುವವರು, ಎಲ್ಲರದೂ ಒಂದೇ ಪ್ರಶ್ನೆ. ಅಗಲ ಅಳೆಯಲು ನಾಲ್ಕೈದು ದಾರಿ ಇವೆಯಂತೆ, ಯಾವುದನ್ನು ಹಿಡಿಯೋಣ?

ದಾರಿ ನೋಡುವ ಮೊದಲು ಅಳತೆಗೋಲು ಗೊತ್ತಿರಬೇಕು. ನಾನು ಕೇಳುವ ಪ್ರಶ್ನೆಗಳು ಇವು. ಪದ ಕೊನೆಗೆ ಎಲ್ಲಿ ಮೂಡುತ್ತದೆ? ಬ್ರೌಸರ್‌ನಲ್ಲೋ, ಮೊಬೈಲ್ ಆಪ್‌ನಲ್ಲೋ, ಥರ್ಮಲ್ ಕಾಗದದ ಮೇಲೋ, ಬರೀ ಅಕ್ಷರ ತೋರಿಸುವ ಟರ್ಮಿನಲ್ ಕಿಟಕಿಯಲ್ಲೋ? ಯಾವ ಫಾಂಟ್ ಅಂತ ಖಾತ್ರಿ ಇದೆಯಾ? ಅಳತೆ ಎರಡು ಪಿಕ್ಸೆಲ್ ತಪ್ಪಿದರೆ ನಷ್ಟ ಏನು? ಬಟನ್ ಸ್ವಲ್ಪ ಸೊಟ್ಟಗೆ ಕಾಣುವುದು ಬೇರೆ, ನೂರು ಚೀಲ ಮಾಯವಾಗುವುದು ಬೇರೆ. ಎಷ್ಟು ಸಲ ಅಳೆಯಬೇಕು? ಕೊನೆಯದು ಖರ್ಚು. ನಾನು ಇಲ್ಲಿ ಹೇಳುವ ಸಾಧನಗಳೆಲ್ಲ ಪುಕ್ಕಟೆ. ಹೋಗುವುದು ನಿಮ್ಮ ದಿನಗಳು, ಮತ್ತು ಗಿರಾಕಿಯ ಹಳೇ ಕಂಪ್ಯೂಟರ್‌ನ ಮೆಮೊರಿ.

ಎಣಿಸಿ ಗುಣಿಸುವ ದಾರಿ

ಎಲ್ಲರೂ ಮೊದಲು ಬೀಳುವ ಹಳ್ಳ ಇದು. ಜಾವಾಸ್ಕ್ರಿಪ್ಟ್‌ನ ಲೆಂತ್, ಪೈಥಾನ್‌ನ ಲೆನ್, ಎರಡೂ ಕನ್ನಡದಲ್ಲಿ ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ಅಂದರೆ ಪ್ರತಿ ಅಕ್ಷರಕ್ಕೂ ಗುರುತಿಗೂ ಕಂಪ್ಯೂಟರ್ ಕೊಡುವ ನಂಬರ್‌ಗಳನ್ನು. ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ‘ಸ್ತ್ರೀ’ ಒಂದೇ ಅಕ್ಷರ. ಆದರೆ ಒಳಗಿರುವುದು ಸ, ಹಲಂತ (ವ್ಯಂಜನದ ‘ಅ’ ಕಳೆಯುವ ಗುರುತು), ತ, ಹಲಂತ, ರ, ದೀರ್ಘದ ಗುರುತು. ಒಟ್ಟು ಆರು. ‘ಸಂಡೂರು’ ಕೂಡ ಆರು. ಎರಡನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ, ಎರಡೂ ಒಂದೇ ಅಗಲ ಅಂತ ಯಾರಾದರೂ ಹೇಳುತ್ತಾರಾ?

ನನ್ನ ಚೀಟಿಯಲ್ಲಿ ಆದದ್ದೂ ಇದೇ. ‘ಬಸವನಗೌಡ’ಕ್ಕೆ ಏಳು ಸಂಕೇತ, ‘ಕೃಷ್ಣಪ್ಪ’ಕ್ಕೆ ಎಂಟು. ಲೆಕ್ಕದ ಪ್ರಕಾರ ಕೃಷ್ಣಪ್ಪ ದೊಡ್ಡವನು. ಕಾಗದದ ಮೇಲೆ ಬಸವನಗೌಡ ಎದ್ದು ಕಾಣುವಷ್ಟು ಉದ್ದ. ಒತ್ತಕ್ಷರ ಕೆಳಗೆ ಇಳಿದು ಜಾಗ ಉಳಿಸುತ್ತದೆ, ಬಿಡಿ ವ್ಯಂಜನ ಪೂರ್ತಿ ಜಾಗ ತಿನ್ನುತ್ತದೆ.

ಇನ್ನೂ ಮಜಾ ಇದೆ. ‘ಕೊಪ್ಪಳ’ವನ್ನು ಎರಡು ರೀತಿ ಶೇಖರಿಸಿಡಬಹುದು. ‘ಒ’ ಸ್ವರದ ಗುರುತು ಒಂದೇ ಸಂಕೇತವಾಗಿಯೂ ಇದೆ, ‘ಎ’ ಗುರುತು ಮತ್ತು ‘ಊ’ ಗುರುತು ಸೇರಿದ ಜೋಡಿಯಾಗಿಯೂ ಬರಬಹುದು. ಯುನಿಕೋಡ್ ಎರಡನ್ನೂ ಸಮ ಅನ್ನುತ್ತದೆ. ಹಾಗಾಗಿ ಒಂದು ಫೈಲ್‌ನ ಕೊಪ್ಪಳ ಆರು, ಇನ್ನೊಂದು ಫೈಲ್‌ನ ಕೊಪ್ಪಳ ಏಳು. ಪರದೆಯ ಮೇಲೆ ಎರಡೂ ಒಂದೇ.

‘ಸಾಫ್ಟ್‌ವೇರ್’ ಪದದಲ್ಲಿ ‘ಟ್’ ಮತ್ತು ‘ವೇ’ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದಕ್ಕೆ ಅಗಲವೇ ಇಲ್ಲ. ಆದರೆ ಕಸ ಅಂತ ತೆಗೆದು ನೋಡಿ, ‘ಸಾಫ್ಟ್ವೇರ್’ ಆಗಿ ಪದದ ರೂಪವೂ ಅಗಲವೂ ಬದಲಾಗುತ್ತವೆ. ಶೂನ್ಯ ಅಗಲದ ಸಂಕೇತವೊಂದು ಅಗಲವನ್ನೇ ಬದಲಿಸುತ್ತದೆ ಅಂದರೆ ಎಣಿಸುವ ದಾರಿಯ ಕಥೆ ಮುಗಿಯಿತು, ಅಲ್ವಾ?

ಒಂದು ವಿಚಿತ್ರ. ಯುನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ಎಂಬ ಕನ್ನಡ ಫಾಂಟ್‌ಗಳ ಕಾಲದಲ್ಲಿ ಕೂಡಿಸುವ ಲೆಕ್ಕ ಬಹುಮಟ್ಟಿಗೆ ನಡೆಯುತ್ತಿತ್ತು. ಆಗ ಫೈಲ್‌ನಲ್ಲಿ ಇರುತ್ತಿದ್ದದ್ದು ಅಕ್ಷರದ ಚಿತ್ರದ ತುಂಡುಗಳ ನಂಬರ್. ಒತ್ತಿಗೊಂದು, ದೀರ್ಘಕ್ಕೊಂದು ತುಂಡು. ಪ್ರತಿ ತುಂಡಿನ ಅಗಲ ಕೂಡಿಸಿದರೆ ಪದದ ಅಗಲ ಸಿಗುತ್ತಿತ್ತು. ಆ ಕಾಲದ ಡಿಟಿಪಿ ಅಂಗಡಿಯವರು ಇವತ್ತಿಗೂ “ಕೂಡಿಸಿದರೆ ಆಯ್ತಲ್ಲ” ಅಂತಾರೆ. ಅವರ ಕಾಲಕ್ಕೆ ಅದು ಸರಿ. ಈಗ ಫೈಲ್‌ನಲ್ಲಿರುವುದು ಉಚ್ಚಾರದ ಕ್ರಮ. ಚಿತ್ರ ಆಯ್ಕೆಯಾಗುವುದು ಬರೆಯುವ ಹೊತ್ತಿಗೆ.

ಅಕ್ಷರಗಳನ್ನೇ ಎಣಿಸಿದರೆ?

ಸಂಕೇತ ಬಿಟ್ಟು ಅಕ್ಷರ ಎಣಿಸೋಣ ಅನ್ನುವವರು ಪದವನ್ನು ಅಕ್ಷರಗಳಾಗಿ ಬಿಡಿಸುವ ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಹಿಡಿಯುತ್ತಾರೆ. ಕ್ರೋಮ್‌ನಲ್ಲಿ 2020ರಿಂದ ಇದೆ. ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ಎಣಿಕೆ ಸುಧಾರಿಸುತ್ತದೆ, ಆದರೆ ಪೂರ್ತಿ ಅಲ್ಲ. ‘ಬಳ್ಳಾರಿ’ ನಮಗೆ ಮೂರು ಅಕ್ಷರ. ಅದು ಬ, ಳ್, ಳಾ, ರಿ ಅಂತ ನಾಲ್ಕು ಮಾಡುತ್ತದೆ. 2023ರ ಯುನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮ ಸೇರಿಸಿದರು. ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ತೆಲುಗು ಬೋರ್ಡ್ ಮತ್ತು ಕನ್ನಡ ಬೋರ್ಡ್ ಒಂದೇ ಗೋಡೆ ಹಂಚಿಕೊಳ್ಳುವ ಊರಿನವನಿಗೆ ಇದು ಸ್ವಲ್ಪ ಚುರುಕ್ ಅನ್ನುತ್ತದೆ.

ಎಣಿಕೆ ಸರಿಯಾದರೂ ಅಗಲ ಸಿಗುವುದಿಲ್ಲ. ‘ಮಾ’ಗೂ ‘ರ’ಗೂ ಒಂದೇ ಅಗಲ ಎಲ್ಲಿದೆ? ಹಾಗಂತ ಸೆಗ್ಮೆಂಟರ್ ಬಿಸಾಡಬೇಡಿ. ಉದ್ದ ಹೆಸರನ್ನು ಎಲ್ಲಿ ಕತ್ತರಿಸಬಹುದು ಅಂತ ತಿಳಿಯಲು ಅದು ಬೇಕು. ಒಂದು ತುಂಡು ಹಲಂತದಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸಿಕೊಳ್ಳಿ. ಇಲ್ಲದಿದ್ದರೆ ‘ಬಳ್…’ ಅಂತ ಕತ್ತರಿಸಿದ ಊರು ಕಾಣುತ್ತದೆ.

ಬ್ರೌಸರ್‌ಗೆ ಬಿಟ್ಟುಬಿಡುವುದು

ವೆಬ್‌ಸೈಟ್ ಮಾಡುವ ಹತ್ತು ಜನರಲ್ಲಿ ಏಳು ಜನ ಅಳೆಯುವ ಅಗತ್ಯವೇ ಇಲ್ಲದೆ ಅಳೆಯುತ್ತಾರೆ ಅಂತ ನನ್ನ ಅನಿಸಿಕೆ. ಹೆಸರು ಉದ್ದವಾದರೆ ಕೊನೆಗೆ ಮೂರು ಚುಕ್ಕಿ ಬೇಕಾ? ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಇದೆ. ಡಬ್ಬಿ ಪದದಷ್ಟೇ ಅಗಲ ಇರಬೇಕಾ? ಮ್ಯಾಕ್ಸ್ ಕಂಟೆಂಟ್ ಇದೆ. ಕಾಲಂ ತಾನಾಗಿ ಹಿಗ್ಗಬೇಕಾ? ಮಾಮೂಲಿ ಟೇಬಲ್ ಸಾಕು. ಕೊಪ್ಪಳದ ಶಾಲೆಯ ವೆಬ್‌ಸೈಟ್‌ಗೆ ನಾನು ಕೊಟ್ಟ ಸಲಹೆ ಇಷ್ಟೇ. ಅವರು ಬರೆದಿದ್ದ ಎಂಬತ್ತು ಸಾಲು ಕೋಡ್ ಅಳಿಸಿ ಮೂರು ಸಾಲು ಸಿಎಸ್‌ಎಸ್ ಹಾಕಿದರು.

ಒಂದು ಎಚ್ಚರ. ಸಿಎಸ್‌ಎಸ್‌ನಲ್ಲಿ ‘ಸಿಎಚ್’ ಅನ್ನೋ ಅಳತೆ ಇದೆ. ಅದು ಸೊನ್ನೆ ಅಂಕಿಯ ಅಗಲ. ‘20 ಸಿಎಚ್ ಅಂದರೆ 20 ಅಕ್ಷರ’ ಅನ್ನೋದು ಕನ್ನಡಕ್ಕೆ ಹೊಂದಲ್ಲ.

ಕ್ಯಾನ್ವಾಸ್ ಅಥವಾ ಪುಟದ ಮೇಲೇ ಅಳೆಯುವುದು

ಚಾರ್ಟ್ ಬಿಡಿಸುತ್ತಿದ್ದೀರಿ, ಅಥವಾ ಪದದ ಪಕ್ಕ ಬಾಣದ ಗುರುತು ಇಡಬೇಕು. ಆಗ ನಿಜವಾಗಿಯೂ ನಂಬರ್ ಬೇಕು. ಬ್ರೌಸರ್‌ನಲ್ಲಿ ಮುಖ್ಯವಾಗಿ ಎರಡು ದಾರಿ.

ಮೊದಲನೆಯದು ಕ್ಯಾನ್ವಾಸ್‌ನ, ಅಂದರೆ ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಹಲಗೆಯ, ಮೆಷರ್‌ಟೆಕ್ಸ್ಟ್. ಪುಟದಲ್ಲಿ ಏನನ್ನೂ ತೋರಿಸದೆ ಅಳೆಯುತ್ತದೆ. ವೇಗವೂ ಚೆನ್ನ. ಒಳಗೆ ಒತ್ತು, ಗುಣಿತ ಎಲ್ಲ ಜೋಡಿಸಿಯೇ ಅಳೆಯುವುದರಿಂದ ಕನ್ನಡಕ್ಕೂ ಸರಿಯಾದ ಉತ್ತರ. ಆದರೆ ಅದಕ್ಕೆ ನಿಮ್ಮ ಪುಟದ ಸಿಎಸ್‌ಎಸ್ ಗೊತ್ತಿಲ್ಲ. ಫಾಂಟ್ ನೀವೇ ಹೇಳಬೇಕು. ಹೇಳದಿದ್ದರೆ 10 ಪಿಕ್ಸೆಲ್‌ನ ಮಾಮೂಲಿ ಸ್ಯಾನ್ಸ್ ಸೆರಿಫ್ ಅಂತ ತಿಳಿದುಕೊಳ್ಳುತ್ತದೆ. ಅಕ್ಷರಗಳ ನಡುವೆ ಅಂತರ ಕೊಟ್ಟಿದ್ದರೆ ಅದೂ ತಾನಾಗಿ ಬರುವುದಿಲ್ಲ. ಸಾಲು ಮುರಿಯುವುದೂ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಮೋಸ ಫಾಂಟ್ ಬರುವ ಮೊದಲೇ ಅಳೆಯುವುದು. ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟನ್ನು ಇಂಟರ್ನೆಟ್‌ನಿಂದ ತರಿಸುತ್ತಿದ್ದೀರಿ ಅನ್ನಿ. ಅದು ಇಳಿಯುವ ಮೊದಲು ಅಳೆದರೆ ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ ಫಾಂಟ್‌ನ ಅಗಲ ಸಿಗುತ್ತದೆ. ಆಮೇಲೆ ಪದ ಮೂಡುವುದು ನೋಟೋದಲ್ಲಿ. ನಿಮ್ಮ ಆಫೀಸ್‌ನಲ್ಲಿ ಫಾಂಟ್ ಮೊದಲೇ ಇಳಿದಿರುವುದರಿಂದ ತಪ್ಪು ಕಾಣಲ್ಲ. ಕುಷ್ಟಗಿಯಲ್ಲಿ ನಿಧಾನದ ನೆಟ್‌ವರ್ಕ್‌ನಲ್ಲಿ ಮೊದಲ ಸಲ ತೆರೆದವರಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಡಾಕ್ಯುಮೆಂಟ್ ಫಾಂಟ್ಸ್ ಲೋಡ್ ಅಂತ ಕರೆದು, ಫಾಂಟ್ ಬಂದ ಮೇಲೆ ಅಳೆಯಿರಿ.

ಎರಡನೆಯದು ಪದವನ್ನು ಪುಟದಲ್ಲೇ ಮರೆಯಾಗಿ ಇಟ್ಟು ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್‌ನಿಂದ ಕೇಳುವುದು. ಇಲ್ಲಿ ಸಿಎಸ್‌ಎಸ್ ಪೂರ್ತಿ ಅನ್ವಯಿಸುತ್ತದೆ. ಕಾಣುವುದಕ್ಕೂ ಅಳತೆಗೂ ವ್ಯತ್ಯಾಸ ಕಡಿಮೆ. ಡಿಸ್‌ಪ್ಲೇ ನನ್ (display: none) ಅಂತ ಮರೆಮಾಡಬೇಡಿ, ಸೊನ್ನೆ ಬರುತ್ತದೆ. ವಿಸಿಬಿಲಿಟಿ ಹಿಡನ್ ಬಳಸಿ. ಆಫ್‌ಸೆಟ್‌ವಿಡ್ತ್ ಸುಲಭ ಅಂತ ಅದನ್ನು ಹಿಡಿಯುವವರಿದ್ದಾರೆ. ಅದು ಪೂರ್ಣಾಂಕಕ್ಕೆ ತಂದುಬಿಡುತ್ತದೆ. ನಿಜವಾದ ಅಗಲ 87.4 ಇದ್ದರೆ 87 ಅನ್ನುತ್ತದೆ. ನೀವು ಡಬ್ಬಿಗೆ 87 ಕೊಟ್ಟರೆ ಕೊನೆಯ ಪದ ಕೆಳಗಿನ ಸಾಲಿಗೆ ಜಿಗಿಯುತ್ತದೆ. ಯಾವ ದಾರಿಯಾದರೂ ಮೇಲಕ್ಕೆ ಸರಿಸಿ, 88 ಅಂತ ಇಟ್ಟುಕೊಳ್ಳಿ.

ಇದರ ಬೆಲೆ ವೇಗ. ಪ್ರತಿ ಸಲ ಕೇಳಿದಾಗ ಬ್ರೌಸರ್ ಪುಟದ ಜೋಡಣೆಯನ್ನು ಮತ್ತೆ ಲೆಕ್ಕ ಹಾಕಬೇಕಾಗಬಹುದು. ಒಂದು ಪದ ಹಾಕು, ಅಳೆ, ಇನ್ನೊಂದು ಹಾಕು, ಅಳೆ ಅಂತ ಸಾವಿರ ಸಲ ಮಾಡಿದರೆ ಕಡಿಮೆ ಬೆಲೆಯ ಫೋನ್ ಒದ್ದಾಡುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಅಳೆಯಿರಿ.

ನೂರಾರು ಪದ, ಸರಳ ಸ್ಟೈಲ್ ಇದ್ದರೆ ನಾನು ಕ್ಯಾನ್ವಾಸ್ ಹಿಡಿಯುತ್ತೇನೆ. ಪದ ಕಡಿಮೆ, ಸ್ಟೈಲ್ ಜಾಸ್ತಿ, ಸಾಲು ಮುರಿಯುವುದೂ ಇದೆ ಅಂದರೆ ಪುಟದ ಮೇಲೇ ಅಳೆಯುತ್ತೇನೆ. ಎರಡರಲ್ಲೂ ಅಳೆದ ಅಗಲವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಹತ್ತು ಸಾವಿರ ಚೀಟಿಯಲ್ಲಿ ಊರಿನ ಹೆಸರು ಎಷ್ಟಿದ್ದಾವು? ‘ಸೋನಾ ಮಸೂರಿ’ಯನ್ನು ಎಷ್ಟು ಸಲ ಅಳೆಯುತ್ತೀರಿ? ಫಾಂಟ್ ಮತ್ತು ಪದ ಸೇರಿಸಿ ಒಂದು ಕೀಲಿ ಮಾಡಿ ಇಟ್ಟರೆ ಮುಗಿಯಿತು.

ನೆನಪಿಡುವುದು ಪೂರ್ತಿ ಪದವನ್ನು ಮಾತ್ರ. ಬಿಡಿ ಅಕ್ಷರ ಅಳೆದು ಕೂಡಿಸಬೇಡಿ. ‘ಯಲಬುರ್ಗಾ’ದಲ್ಲಿ ‘ರ್’ ಒಳಗೆ ‘ಗಾ’ಕ್ಕಿಂತ ಮೊದಲಿದೆ. ಬರೆಯುವಾಗ ಅರ್ಕಾವತ್ತಾಗಿ ‘ಗಾ’ದ ಆಚೆ ಹೋಗಿ ಕೂರುತ್ತದೆ. ಒಂಟಿ ‘ರ್’ನ ರೂಪವೇ ಬೇರೆ, ಅಗಲವೇ ಬೇರೆ. ಪದಗಳ ನಡುವಿನ ಖಾಲಿ ಜಾಗದಲ್ಲಿ ಈ ಅಂಟುವ ಕೆಲಸ ನಡೆಯುವುದಿಲ್ಲ. ಹಾಗಾಗಿ ಪದಪದವಾಗಿ ಕೂಡಿಸಿದರೆ ತೊಂದರೆ ಇಲ್ಲ.

ಬ್ರೌಸರ್ ಇಲ್ಲದ ಕಡೆ: ಚೀಟಿ, ಲೇಬಲ್, ಚಿತ್ರ

ನನ್ನ ನೂರು ಚೀಲ ಕಳೆದದ್ದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯಲ್ಲಿ ಕಾಣುವ 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್‌ಗಳು ಸಾಮಾನ್ಯವಾಗಿ 48 ಮಿಲಿಮೀಟರ್ ಅಗಲಕ್ಕೆ ಮುದ್ರಿಸುತ್ತವೆ. ಮಿಲಿಮೀಟರ್‌ಗೆ 8 ಚುಕ್ಕಿ, ಅಂದರೆ ಸಾಲಿಗೆ 384. ಇಂಗ್ಲಿಷ್ ಅಕ್ಷರಕ್ಕೆ 12 ಚುಕ್ಕಿ, ಸಾಲಿಗೆ 32 ಅಕ್ಷರ. ಲೆಕ್ಕ ಸುಲಭ. ಆದರೆ ಇಂಥ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ನಾವೇ ಸಾಲನ್ನು ಚಿತ್ರ ಮಾಡಿ ಕಳಿಸಬೇಕು. ಆಗ 12ರ ಲೆಕ್ಕಕ್ಕೆ ಅರ್ಥವೇ ಇಲ್ಲ. 80 ಮಿಲಿಮೀಟರ್ ಪ್ರಿಂಟರ್‌ನಲ್ಲಿ ಸಾಲಿಗೆ 576 ಚುಕ್ಕಿ ಸಿಗುತ್ತವೆ. ಹಮಾಲಿ, ದಲಾಲಿ, ತೂಕ, ದರ ಎಲ್ಲ ಒಂದೇ ಸಾಲಿಗೆ ಬೇಕು ಅನ್ನುವವರಿಗೆ ಅದನ್ನೇ ಕೊಳ್ಳಿ ಅನ್ನುತ್ತೇನೆ. ಕೋಡ್‌ನಲ್ಲಿ ಎರಡು ದಿನ ಗುದ್ದಾಡುವುದಕ್ಕಿಂತ ಅಗಲ ಕಾಗದ ಅಗ್ಗ.

ಪೈಥಾನ್‌ನಲ್ಲಿದ್ದರೆ ಚಿತ್ರ ಮಾಡುವ ಪಿಲ್ಲೋ ಲೈಬ್ರರಿ ಸುಲಭದ ದಾರಿ. ಫಾಂಟ್ ತೆರೆದು ಗೆಟ್‌ಲೆಂತ್ ಅಂದರೆ ಅಗಲ ಬರುತ್ತದೆ. ಹಳೇ ಪಾಠಗಳಲ್ಲಿ ಕಾಣುವ ಟೆಕ್ಸ್ಟ್‌ಸೈಜ್ 2023ರ ಹತ್ತನೇ ಆವೃತ್ತಿಯಲ್ಲಿ ಹೋಗಿದೆ. ಮುಖ್ಯ ವಿಷಯ ಬೇರೆ. ಪಿಲ್ಲೋದಲ್ಲಿ ಅಕ್ಷರ ಜೋಡಿಸಲು ಎರಡು ಯಂತ್ರಗಳಿವೆ. ‘ಬೇಸಿಕ್’ ಅನ್ನೋದು ಸಂಕೇತಗಳನ್ನು ಸುಮ್ನೆ ಒಂದರ ಪಕ್ಕ ಒಂದು ಇಡುತ್ತದೆ. ‘ಅಕ್ಕಿ’ ಪದದ ಒತ್ತು ಕೆಳಗಿಳಿಯುವುದೇ ಇಲ್ಲ. ‘ರಾಕ್ಮ್’ ಇದ್ದರೆ ಮಾತ್ರ ಕನ್ನಡ ಸರಿ. ಅದು ಇದೆಯಾ ಅಂತ ಫೀಚರ್ಸ್ ಚೆಕ್‌ನಿಂದ ಮೊದಲೇ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಫ್ರಿಬಿಡಿ ಅನ್ನೋ ಫೈಲ್ ಬೇರೆಯಾಗಿ ಹಾಕಬೇಕಾಗುತ್ತದೆ. ನಾನು ನೋಡಿದ ಮಿಲ್‌ಗಳಲ್ಲಿ ಇರುವುದು ವಿಂಡೋಸೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆಂದ ಬಂದ ಚೀಟಿ ಅಲ್ಲಿ ಒಡೆದು ಬಂದದ್ದು ಈ ಒಂದು ಫೈಲ್‌ಗಾಗಿ.

ಪೈಥಾನ್ ಅಲ್ಲದವರು, ಅಥವಾ ಅಗಲದ ಮೇಲೆ ಪೂರ್ತಿ ಹಿಡಿತ ಬೇಕಾದವರು ನೇರ ಹಾರ್ಫ್‌ಬಝ್ ಹತ್ತಿರ ಹೋಗಬಹುದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಕನ್ನಡ ಜೋಡಿಸುವುದು ಇದೇ. ಪದ ಮತ್ತು ಫಾಂಟ್ ಕೊಟ್ಟರೆ ಯಾವ ಚಿತ್ರ, ಪ್ರತಿ ಚಿತ್ರಕ್ಕೆ ಎಷ್ಟು ಮುಂದೆ ಸರಿಯಬೇಕು ಅಂತ ಪಟ್ಟಿ ಕೊಡುತ್ತದೆ. ಆ ಸರಿಯುವ ಅಳತೆಗಳನ್ನು ಕೂಡಿಸಿ, ಅಕ್ಷರದ ಗಾತ್ರದಿಂದ ಗುಣಿಸಿ, ಫಾಂಟ್‌ನ ಮೂಲಮಾನದಿಂದ (ಅಕ್ಷರದ ಗಾತ್ರವನ್ನು ಆ ಫಾಂಟ್ ಎಷ್ಟು ಭಾಗ ಮಾಡಿಕೊಂಡಿದೆ ಅನ್ನುವ ಸಂಖ್ಯೆ) ಭಾಗಿಸಿ. ಮೊತ್ತ 2750, ಗಾತ್ರ 24, ಮೂಲಮಾನ 1000 ಅನ್ನಿ. ಅಗಲ 66 ಚುಕ್ಕಿ. ಮೂಲಮಾನ 2048 ಇರುವ ಫಾಂಟ್‌ಗಳೂ ಇವೆ, ಫೈಲ್‌ನಿಂದಲೇ ಓದಿಕೊಳ್ಳಿ.

ಹಾರ್ಫ್‌ಬಝ್ ಒಂದು ಕೆಲಸ ಮಾಡುವುದಿಲ್ಲ. ಫಾಂಟ್‌ನಲ್ಲಿ ಇಲ್ಲದ ಗುರುತನ್ನು ಬೇರೆ ಫಾಂಟ್‌ನಿಂದ ಹುಡುಕಿ ತರುವುದಿಲ್ಲ. ರೂಪಾಯಿಯ ₹ ಗುರುತು ಯುನಿಕೋಡ್‌ಗೆ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಳೇ ಫಾಂಟ್‌ನಲ್ಲಿ ಅದು ಇರುವುದಿಲ್ಲ. ಬ್ರೌಸರ್‌ನಲ್ಲಿ ಹೇಗೋ ಕಾಣುತ್ತದೆ. ಇಲ್ಲಿ ಖಾಲಿ ಡಬ್ಬಿ ಬರುತ್ತದೆ, ಅಳತೆಯೂ ಡಬ್ಬಿಯದೇ. ಪಿಲ್ಲೋದಲ್ಲೂ ಹೀಗೇ.

ಇದೆಲ್ಲ ತಲೆನೋವು ಅನ್ನುವವರಿಗೆ ಇನ್ನೊಂದು ದಾರಿ: ಸರ್ವರ್‌ನಲ್ಲಿ ಪರದೆ ಇಲ್ಲದ ಕ್ರೋಮ್ ಓಡಿಸಿ, ಅದರಿಂದಲೇ ಚಿತ್ರ ತೆಗೆಸುವುದು. ಅರ್ಧ ದಿನದ ಕೆಲಸ. ಫಾಂಟ್ ಹುಡುಕುವುದನ್ನೂ ಅದೇ ಮಾಡುತ್ತದೆ. ಆದರೆ ಮೆಮೊರಿ ಜೋರಾಗಿ ತಿನ್ನುತ್ತದೆ. ದಿನಕ್ಕೆ ಐವತ್ತು ಲೇಬಲ್‌ಗೆ ಪರವಾಗಿಲ್ಲ. ಸುಗ್ಗಿಯಲ್ಲಿ ಲಾರಿ ಸಾಲು ನಿಂತಾಗ ವೇಬ್ರಿಡ್ಜ್ ಕಂಪ್ಯೂಟರ್‌ನಲ್ಲಿ ಇದನ್ನು ಓಡಿಸಲು ನಾನು ಒಪ್ಪಲಾರೆ.

ಜೀನ್ಸ್ ಲೇಬಲ್ ಮಾಡುವವರಿಗೆ ಒಂದು ಮಾತು. ಇಲ್ಲಿಯವರೆಗೆ ಹೇಳಿದ ಅಗಲ ಪೆನ್ನು ಎಷ್ಟು ಸರಿಯುತ್ತದೆ ಅನ್ನುವುದು. ಶಾಯಿ ಎಲ್ಲಿಯವರೆಗೆ ಇದೆ ಅನ್ನುವುದಲ್ಲ. ಒತ್ತಿನ ಬಾಲ ಒಮ್ಮೊಮ್ಮೆ ಆಚೆ ಚಾಚುತ್ತದೆ. ಪದದ ಸುತ್ತ ಗೆರೆ ಹಾಕುವುದಿದ್ದರೆ ಪಿಲ್ಲೋದ ಟೆಕ್ಸ್ಟ್‌ಬಿಬಾಕ್ಸ್, ಕ್ಯಾನ್ವಾಸ್‌ನ ಆಕ್ಚುಯಲ್ ಬೌಂಡಿಂಗ್ ಬಾಕ್ಸ್ ಅಳತೆಗಳನ್ನು ತೆಗೆದುಕೊಳ್ಳಿ. ಎತ್ತರವನ್ನೂ ನೋಡಿ. ಇಂಗ್ಲಿಷ್‌ಗೆ ಇಟ್ಟ ಎತ್ತರದಲ್ಲಿ ‘ಸ್ತ್ರೀ’ಯ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ.

ಆಪ್ ಮತ್ತು ಟರ್ಮಿನಲ್

ಆಂಡ್ರಾಯ್ಡ್‌ನಲ್ಲಿ ಒಂದು ಸಾಲಿಗೆ ಪೇಂಟ್‌ನ ಮೆಷರ್‌ಟೆಕ್ಸ್ಟ್, ಹಲವು ಸಾಲಿಗೆ ಸ್ಟ್ಯಾಟಿಕ್‌ಲೇಔಟ್. ಎರಡೂ ಕನ್ನಡಕ್ಕೆ ನಂಬಬಹುದಾದವು. ಫೋನ್ ಕಂಪನಿಗೊಂದು ಫಾಂಟ್ ಇರಬಹುದು, ಹಾಗಾಗಿ ನಿಮ್ಮ ಫಾಂಟ್ ಆಪ್ ಒಳಗೇ ಇಡಿ. ಹಿರಿಯರು ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ, ಅದಕ್ಕೂ ಜಾಗ ಬಿಡಿ.

ಟರ್ಮಿನಲ್‌ನಲ್ಲಿ ಡಬ್ಲ್ಯೂಸಿವಿಡ್ತ್ ಅಂತ ಒಂದಿದೆ. ಪ್ರತಿ ಸಂಕೇತಕ್ಕೆ ಸೊನ್ನೆ, ಒಂದು, ಎರಡು ಮನೆ (ಪರದೆಯ ಒಂದು ಚೌಕ) ಅಂತ ಹೇಳುತ್ತದೆ. ಚೀನೀ ಅಕ್ಷರಗಳಿಗೆ ಹೊಂದುತ್ತದೆ. ಕನ್ನಡದ ಅಗಲ ಮನೆಯ ಲೆಕ್ಕಕ್ಕೆ ಕೂರುವುದಿಲ್ಲ, ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಬೇರೆ ಬೇರೆ ಕಾಣುತ್ತದೆ. ಇಲ್ಲಿ ನಾನು ಅಳೆಯುವುದೇ ಇಲ್ಲ. ಅಂಕಿಗಳನ್ನು ಮೊದಲು, ಕನ್ನಡದ ಹೆಸರನ್ನು ಕೊನೆಯ ಕಾಲಂನಲ್ಲಿ ಇಡುತ್ತೇನೆ. ಅದರ ಬಲಕ್ಕೆ ಕೆಡಲು ಏನೂ ಇರುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ವೆಬ್‌ಸೈಟ್, ಸಮಯ ಕಡಿಮೆ: ಮೊದಲು ಸಿಎಸ್‌ಎಸ್‌ನಲ್ಲಿ ಆಗುತ್ತದಾ ನೋಡಿ. ಚಾರ್ಟ್, ಗ್ರಾಫ್ ಇದ್ದರೆ ಫಾಂಟ್ ಬಂದ ಮೇಲೆ ಕ್ಯಾನ್ವಾಸ್. ಅಂಗಡಿಯ ಬಿಲ್, ಮಿಲ್‌ನ ಚೀಟಿ: ರಾಕ್ಮ್ ಇರುವ ಪಿಲ್ಲೋ, ಒಂದೇ ಫಾಂಟ್ ಫೈಲ್ ಜೊತೆಗೇ ಕೊಟ್ಟು. ಅದೇ ಸಾಫ್ಟ್‌ವೇರ್ ಹತ್ತು ಊರಿಗೆ ಮಾರುವುದಿದ್ದರೆ ಹಾರ್ಫ್‌ಬಝ್ ಕಲಿಯಲು ಒಂದು ವಾರ ಹಾಕಿ, ವಸೂಲಾಗುತ್ತದೆ. ಒಂದೆರಡು ಲೇಬಲ್, ಒಬ್ಬರೇ ಗಿರಾಕಿ: ಪರದೆ ಇಲ್ಲದ ಕ್ರೋಮ್ ಸಾಕು. ನಿಮ್ಮದು ಇವುಗಳ ನಡುವೆ ಬಿದ್ದರೆ, ಕೊನೆಗೆ ಪದವನ್ನು ಬರೆಯುವ ಯಂತ್ರ ಯಾವುದು ಅಂತ ಹುಡುಕಿ, ಅಳತೆಯನ್ನೂ ಅದರ ಹತ್ತಿರವೇ ಕೇಳಿ. ಬ್ರೌಸರ್‌ನಲ್ಲಿ ಅಳೆದು ಪಿಲ್ಲೋದಲ್ಲಿ ಬರೆಯುವವರನ್ನು ನೋಡಿದ್ದೇನೆ. ಆ ಎರಡೂ ಪೂರ್ತಿ ಹೊಂದುವುದಿಲ್ಲ.

ಗಿರಾಕಿಗೆ ಕೊಡುವ ಮೊದಲು ಈ ಪದಗಳನ್ನು ಒಂದರ ಕೆಳಗೆ ಒಂದು ಬರೆಸಿ: ಬಸವನಗೌಡ, ಕೃಷ್ಣಪ್ಪ, ಸ್ತ್ರೀ, ಸಂಡೂರು, ಯಲಬುರ್ಗಾ, ಎರಡೂ ರೀತಿಯ ಕೊಪ್ಪಳ, ಸಾಫ್ಟ್‌ವೇರ್, ₹1,25,000. ಪ್ರತಿ ಪದಕ್ಕೂ ನಿಮ್ಮ ಕೋಡ್ ಹೇಳಿದ ಅಗಲ ಮುಗಿಯುವಲ್ಲಿ ಒಂದು ಉದ್ದ ಗೆರೆ ಎಳೆಯಿರಿ. ಗೆರೆ ಅಕ್ಷರದ ಮೈ ಮೇಲೆ ಬಿದ್ದರೆ ಅಥವಾ ಬಲು ದೂರ ನಿಂತರೆ ಅಳೆದ ಫಾಂಟ್ ಬೇರೆ, ಬರೆದ ಫಾಂಟ್ ಬೇರೆ, ಇಲ್ಲವೇ ಎಲ್ಲೋ ಎಣಿಕೆ ನುಸುಳಿದೆ. ನಾನಂತೂ ಈಗ ಹೊಸ ಮಿಲ್‌ಗೆ ಮೊದಲು ಕಳಿಸುವುದು ಈ ಗೆರೆಗಳಿರುವ ಚೀಟಿಯನ್ನೇ, ಅವರದೇ ಪ್ರಿಂಟರ್‌ನಲ್ಲಿ ತೆಗೆದು ಫೋಟೋ ಕಳಿಸಿ ಅಂತ.